ಕಲಾಯಿ ಇಲ್ಲದ ಹಿತ್ತಾಳೆ ಒಲೆಗೆ ಬೇಡ

ಹಿತ್ತಾಳೆ ಪಾತ್ರೆಗಳಿಗೆ ಮತ್ತೆ ಬೇಡಿಕೆ ಬಂದಿದೆ. ಕೊಳ್ಳುವವರು ತಪ್ಪಲೆಯನ್ನು ಎತ್ತಿ ತೂಕ ನೋಡುತ್ತಾರೆ, ಹೊಳಪು ನೋಡುತ್ತಾರೆ, ಬೆರಳಲ್ಲಿ ತಟ್ಟಿ ನಾದವನ್ನೂ ಕೇಳುತ್ತಾರೆ. ಒಳಮೈಯನ್ನು ಬಗ್ಗಿ ನೋಡುವವರು ಮಾತ್ರ ಕಡಿಮೆ. ಅಡುಗೆಯ ಹಿತ್ತಾಳೆಯ ಯೋಗ್ಯತೆ ತೀರ್ಮಾನವಾಗುವುದು ಅಲ್ಲಿ, ಅಂದರೆ ಕಲಾಯಿಯಲ್ಲಿ. ಕಲಾಯಿ ಹಾಕಿಸುವ ಮನಸ್ಸಿಲ್ಲದವರು ಅದನ್ನು ಒಲೆಗೇರಿಸಬಾರದು. ಹಾಕಿಸುವವರಿಗೆ ಅದಕ್ಕಿಂತ ಒಳ್ಳೆಯ ಪಾತ್ರೆ ಸಿಗುವುದು ಕಷ್ಟ.

ಕಾರಣ ಹಿತ್ತಾಳೆಯ ಹುಟ್ಟಿನಲ್ಲೇ ಇದೆ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು. ಸತು 907ಕ್ಕೇ ಕುದಿದು ಆವಿಯಾಗುತ್ತದೆ, ಆ ಆವಿ ಗಾಳಿಗೆ ಸಿಕ್ಕರೆ ಬಿಳಿ ಬೂದಿಯಾಗುತ್ತದೆ. ಆದ್ದರಿಂದ ಹಿಂದಿನವರು ಸತುವನ್ನು ಬೇರೆಯಾಗಿ ಕಾಣದೆಯೇ ಹಿತ್ತಾಳೆ ಮಾಡಿದರು. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲ ಪುಡಿ ಮೂರನ್ನೂ ಮೂಸೆಗೆ ತುಂಬಿ, ಬಾಯಿ ಮುಚ್ಚಿ ಕಾಯಿಸಿದರೆ ಆವಿ ತಾಮ್ರದೊಳಕ್ಕೇ ಇಂಗುತ್ತಿತ್ತು. ರಾಜಸ್ಥಾನದ ಜಾವರ್‌ನ ಕುಶಲಿಗಳು ಮೂಸೆಯನ್ನು ತಲೆಕೆಳಗಾಗಿ ನಿಲ್ಲಿಸಿ ಆವಿಯನ್ನು ಕೆಳಗಿನ ತಂಪು ಪಾತ್ರೆಗೆ ಇಳಿಸಿ ಹಿಡಿದರು. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಇಂಥದೇ ವಿಧಾನಕ್ಕೆ 1738ರಲ್ಲಿ ಪೇಟೆಂಟ್ ಪಡೆಯುವುದಕ್ಕೆ ಶತಮಾನಗಳ ಮೊದಲೇ. ಹಿತ್ತಾಳೆಗೆ ಹೊಂಬಣ್ಣ, ಗಟ್ಟಿತನ, ಸಲೀಸಾಗಿ ಎರಕಕ್ಕೆ ಇಳಿಯುವ ಗುಣ ಬಂದದ್ದು ಈ ಸತುವಿನಿಂದ. ಆದರೆ ಸತುವೂ ತಾಮ್ರವೂ ಹುಳಿಗೆ ಮಣಿಯುತ್ತವೆ. ಹುಣಸೆಹಣ್ಣು ತಿಕ್ಕಿದಾಗ ಚೊಂಬು ಬೆಳಗುವುದು ಹುಳಿ ಮೇಲಿನ ಕಿಲುಬನ್ನು ಕರಗಿಸುವುದರಿಂದ. ಅದೇ ಹುಣಸೆ ಸಾರಿನಲ್ಲಿ ಕುದಿಯುವಾಗಲೂ ಮಾಡುವುದು ಅದನ್ನೇ. ಕರಗಿದ ಲೋಹ ಆಗ ಸಾರಿಗೇ ಸೇರುತ್ತದೆ.

ಇದನ್ನು ತಡೆಯುವುದು ತವರ. ಕಲಾಯಿ ಹಾಕುವವರು ಪಾತ್ರೆಯನ್ನು ಉಜ್ಜಿ ತೊಳೆದು, ಇದ್ದಿಲ ಕೆಂಡದ ಮೇಲೆ ಇಕ್ಕಳದಲ್ಲಿ ತಿರುಗಿಸುತ್ತ ಕಾಯಿಸುತ್ತಾರೆ. ನವಸಾಗರ ಉದುರಿಸಿದೊಡನೆ ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕಿಟ್ಟ ಬಿಟ್ಟುಹೋಗುತ್ತದೆ. ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒರೆಸುತ್ತ ಬಂದರೆ ಹಳದಿ ಒಳಮೈ ನೋಡನೋಡುತ್ತ ಬೆಳ್ಳಿಯಂತಾಗುತ್ತದೆ. ಇದು ಬಳಿದ ಬಣ್ಣವಲ್ಲ. ತವರವೂ ತಾಮ್ರವೂ ಸೇರುವ ಗಡಿಯಲ್ಲಿ ಎರಡರದೂ ತೆಳುವಾದ ಮಿಶ್ರಲೋಹದ ಪದರ ಹುಟ್ಟುತ್ತದೆ, ಹಾಗಾಗಿಯೇ ಕಲಾಯಿ ಕಚ್ಚಿಕೊಂಡು ನಿಲ್ಲುತ್ತದೆ. ಹೀಗೆ ಒಳಮೈ ಭದ್ರವಾದ ಮೇಲೆ ಹಿತ್ತಾಳೆಯ ದೊಡ್ಡ ಗುಣ ನಮ್ಮ ಕೈಗೆ ಸಿಗುತ್ತದೆ: ಸ್ಟೀಲಿಗಿಂತ ಸುಮಾರು ಏಳು ಪಟ್ಟು ಚೆನ್ನಾಗಿ ಶಾಖ ಹರಿಸುವ ಶಕ್ತಿ. ಉರಿ ತಾಗಿದ ಕಡೆ ಮಾತ್ರ ಸೀದು ಉಳಿದೆಡೆ ಬೇಯದೆ ಉಳಿಯುವ ಕಾಟ ಕಡಿಮೆ. ಪಾಯಸ, ಹುಗ್ಗಿಯಂಥ ಗಟ್ಟಿ ಅಡುಗೆಗೆ ಇದು ಸಣ್ಣ ಲಾಭವಲ್ಲ.

ಅಜ್ಜಿಯರು ಹಿತ್ತಾಳೆಯಲ್ಲೇ ಬೇಯಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಬೇಯಿಸಿದರು, ಆದರೆ ಬೀದಿಯಲ್ಲಿ ಕಲಾಯಿಯವರ ಕೂಗು ಕೇಳಿದೊಡನೆ ಪಾತ್ರೆಗಳನ್ನು ಹೊರಗಿಟ್ಟವರೂ ಅವರೇ. ಹಿತ್ತಾಳೆ ಆರೋಗ್ಯಕ್ಕೆ ಒಳ್ಳೆಯದು, ತವರ ಬಳಿದರೆ ಆ ಗುಣ ಹೋಗುತ್ತದೆ ಎಂಬ ಮಾತನ್ನು ಹಾಗೆಯೇ ತಳ್ಳಿಹಾಕಲಾಗದು. ಹಿತ್ತಾಳೆ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ 48 ಗಂಟೆಗಳಲ್ಲಿ ಪತ್ತೆಯಾಗದಷ್ಟು ಇಳಿಯುತ್ತದೆಂದು ಬ್ರಿಟನ್ನಿನ ರಾಬ್ ರೀಡ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆದರೆ ಅಲ್ಲಿ ಕೆಲಸ ಮಾಡಿದ್ದು ನೀರಿಗಿಳಿದ ಅತ್ಯಲ್ಪ ತಾಮ್ರ. ಸಾದಾ ನೀರಿನಲ್ಲಿ ಹಿತವಾದ ಈ ಗುಣವೇ ಕುದಿಯುವ ಹುಳಿಯಲ್ಲಿ ಮಿತಿಮೀರುತ್ತದೆ. ಆದ್ದರಿಂದ ನೀರಿನ ಬಿಂದಿಗೆಗೆ ಕಲಾಯಿ ಬೇಡ, ಸಾರಿನ ತಪ್ಪಲೆಗೆ ಬೇಕೇ ಬೇಕು. ಇನ್ನು ಕಲಾಯಿಯಲ್ಲೇ ಸೀಸ ಸೇರಿದ್ದರೆ ಎಂಬ ಭಯ ಸಕಾರಣವಾದದ್ದು, ಸೀಸ ಅಗ್ಗ. ಕಡ್ಡಿಯನ್ನು ಕಿವಿಯ ಹತ್ತಿರ ಬಾಗಿಸಿ ನೋಡಿ. ತವರವಾದರೆ ಕಿರಕಿರ ಎನ್ನುತ್ತದೆ. ಸೀಸ ಮೂಕ, ಕಾಗದದ ಮೇಲೆಳೆದರೆ ಬೂದು ಗೆರೆ ಬಿಡುತ್ತದೆ. ಸ್ವಲ್ಪವೇ ಬೆರಕೆಯಿದ್ದರೆ ಈ ಪರೀಕ್ಷೆಗೆ ಸಿಕ್ಕದೆ ಹೋಗಬಹುದು, ಹಾಗಾಗಿ ಶುದ್ಧ ತವರವನ್ನು ನಾವೇ ಕೊಂಡು ಕೊಡುವುದು ಲೇಸು.

ಕಲಾಯಿ ಸವೆಯುತ್ತದೆ, ಅದು ನಿಜ. ತವರ 232 ಡಿಗ್ರಿಗೇ ಕರಗುವುದರಿಂದ ಬರಿ ಪಾತ್ರೆಯನ್ನು ಉರಿಯ ಮೇಲೆ ಬಿಡಬಾರದು, ಸ್ಟೀಲ್ ಸೌಟಿನ ಬದಲು ಮರದ ಸೌಟು ಆಡಿಸಬೇಕು, ಒಳಗೆ ಹಳದಿ ಇಣುಕಿದಾಗ ಮತ್ತೆ ಹಾಕಿಸಬೇಕು. ಕಲಾಯಿಯವರು ಸಿಗುವುದಿಲ್ಲ ಎಂಬ ದೂರಿಗೆ ಮದ್ದೂ ನಮ್ಮಲ್ಲೇ ಇದೆ: ಒಂದು ತಪ್ಪಲೆಗಾಗಿ ಯಾರೂ ಒಲೆ ಹೂಡುವುದಿಲ್ಲ, ಹತ್ತು ಮನೆಯ ಪಾತ್ರೆ ಒಟ್ಟಾದರೆ ಹೂಡುತ್ತಾರೆ. ಹಿತ್ತಾಳೆ ಕೊಳ್ಳುವ ದಿನವೇ ಕಲಾಯಿಯ ದುಡ್ಡನ್ನೂ ಎತ್ತಿಡಿ. ಈ ಕಸುಬಿಗೆ ಕೆಲಸ ಕೊಡದೆ ಪಾತ್ರೆಯನ್ನು ಮಾತ್ರ ಮನೆಗೆ ತಂದರೆ ನಾವು ಉಳಿಸುವುದು ಬರೀ ಹೊಳಪನ್ನು, ಹಿತ್ತಾಳೆಯ ಅಡುಗೆಯನ್ನಲ್ಲ.