ಕೀಟಲೋಕದ ಗಣಕಾನುಕರಣೆ: ‘ಸಿಮ್‌ಆ್ಯಂಟ್’ ಆಟ ಮತ್ತು ತೊಗರಿ ಹೊಲದ ಪ್ರಶ್ನೆಗಳು

ಕೀಟಗಳ ಬದುಕನ್ನು ಗಣಕಯಂತ್ರದ ಪರದೆಯ ಮೇಲೆ ಅನುಕರಿಸಿದ ಆಟಗಳಲ್ಲಿ ‘ಸಿಮ್‌ಆ್ಯಂಟ್’ಗೆ ಮೊದಲ ಸಾಲಿನ ಸ್ಥಾನವಿದೆ. ‘ಸಿಮ್‌ಸಿಟಿ’ಯನ್ನು (1989) ರೂಪಿಸಿದ ವಿಲ್ ರೈಟ್ ಅವರೇ ಇದರ ಕರ್ತೃ. ಅಮೆರಿಕದ ಮ್ಯಾಕ್ಸಿಸ್ ಸಂಸ್ಥೆ 1991ರಲ್ಲಿ ಇದನ್ನು ಹೊರತಂದಿತು. ಕೀಟವಿಜ್ಞಾನಿ ಎಡ್ವರ್ಡ್ ಒ. ವಿಲ್ಸನ್ ಅವರ ಇರುವೆ ಅಧ್ಯಯನಗಳು ಇದಕ್ಕೆ ಪ್ರೇರಣೆ. ವಿಲ್ಸನ್ ಅವರು ಬರ್ಟ್ ಹೋಲ್ಡಾಬ್ಲರ್ ಜೊತೆಗೂಡಿ 1990ರಲ್ಲಿ ಪ್ರಕಟಿಸಿದ ಇರುವೆಗಳ ಬೃಹದ್ಗ್ರಂಥಕ್ಕೆ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಪ್ರಸ್ತುತ ಲೇಖನವು ಈ ಆಟವನ್ನು ಒಂದು ಪಠ್ಯವೆಂದು ಭಾವಿಸಿ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳ ತೊಗರಿ ಹೊಲದ ಎದುರಿಗಿಟ್ಟು ಪರಿಶೀಲಿಸುತ್ತದೆ. ಹೀಗೆ ಎದುರುಬದುರು ಇಡುವುದಕ್ಕೆ ಕಾರಣವಿದೆ. ‘ತೊಗರಿಯ ಕಣಜ’ವೆಂದು ಹೆಸರಾದ ಈ ನೆಲದಲ್ಲಿ ರೈತನ ವರ್ಷದ ಗಳಿಕೆಯು ಒಂದು ಹುಳುವಿನ ನಡೆಯನ್ನು ಮುಂಚಿತವಾಗಿ ಊಹಿಸುವುದರ ಮೇಲೆ ನಿಂತಿದೆ. ಪರದೆಯ ಮೇಲೆ ನಡೆಯುವ ಊಹೆಯೂ ಹೊಲದ ಬದುವಿನ ಮೇಲೆ ನಡೆಯುವ ಊಹೆಯೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದೇ ಇಲ್ಲಿಯ ಜಿಜ್ಞಾಸೆ.

ಮೊದಲು ಆಟದ ಸ್ವರೂಪವನ್ನು ನೋಡಬಹುದು. ಅಮೆರಿಕದ ಒಂದು ಮನೆ, ಅದರ ಹಿತ್ತಲು, ಅಲ್ಲಿ ಕಪ್ಪಿರುವೆ ಮತ್ತು ಕೆಂಪಿರುವೆಗಳ ಗೂಡುಗಳು. ಆಟಗಾರನು ಕಪ್ಪಿರುವೆಗಳ ಪಕ್ಷದವನು. ಹಳದಿ ಬಣ್ಣದ ಒಂದು ಇರುವೆಯಾಗಿ ಅವನು ಆಹಾರ ಹೊರುತ್ತಾನೆ, ಬಿಲ ತೋಡುತ್ತಾನೆ, ಜೇಡನಿಗೆ ಸಿಕ್ಕು ಸತ್ತರೆ ಮತ್ತೊಂದು ಇರುವೆಯಾಗಿ ಹುಟ್ಟುತ್ತಾನೆ. ಕೆಂಪಿರುವೆಗಳನ್ನು ಅಳಿಸಿ, ಮನೆಯೊಳಗಿನ ಮನುಷ್ಯರನ್ನೂ ಹೊರಗಟ್ಟಿದರೆ ಗೆಲುವು.

ಈ ಆಟದ ನಿಜವಾದ ಸಾಧನೆ ಇರುವೆಸಾಲಿನ ನಿರೂಪಣೆಯಲ್ಲಿದೆ. ಆಹಾರ ಕಂಡ ಇರುವೆ ನೆಲದ ಮೇಲೆ ವಾಸನೆಯ ಗುರುತು ಬಿಡುತ್ತದೆ. ಹಿಂದೆ ಬಂದದ್ದು ಅದನ್ನು ಮೂಸಿ ನಡೆಯುತ್ತದೆ. ನಡೆದಷ್ಟೂ ದಾರಿ ಗಟ್ಟಿಯಾಗುತ್ತದೆ, ನಡೆಯದಿದ್ದರೆ ಆರಿಹೋಗುತ್ತದೆ. ರಾಣಿ ಇರುವೆ ಮೊಟ್ಟೆಯಿಡುತ್ತದೆಯೇ ಹೊರತು ಅಪ್ಪಣೆ ಕೊಡುವುದಿಲ್ಲ. ಅರಸನಿಲ್ಲದೆಯೂ ವ್ಯವಸ್ಥೆ ಮೂಡಬಹುದೆಂಬ ಗಹನವಾದ ಮಾತನ್ನು ಶಾಲಾ ಬಾಲಕನೂ ಬೆರಳ ತುದಿಯಲ್ಲಿ ಅನುಭವಿಸುವಂತೆ ಮಾಡಿದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಇದೇ ಆಟದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಏರ್ಪಾಡಿದೆ. ಕಾರ್ಮಿಕರೆಷ್ಟು, ಸೈನಿಕರೆಷ್ಟು, ಸಂತಾನೋತ್ಪತ್ತಿಯ ಇರುವೆಗಳೆಷ್ಟು ಎಂಬುದನ್ನು ಒಂದು ತ್ರಿಕೋನದೊಳಗಿನ ಚುಕ್ಕೆಯನ್ನು ಸರಿಸಿ ಆಟಗಾರನೇ ನಿರ್ಧರಿಸಬಹುದು. ಅರಸನಿಲ್ಲದ ಗೂಡಿಗೆ ಹೊರಗಿನಿಂದ ಒಬ್ಬ ಅರಸನನ್ನು ತಂದು ಕೂರಿಸಿದಂತಾಯಿತು. ಆಟವೆಂದ ಮೇಲೆ ಆಡುವವನಿಗೆ ಹಿಡಿತ ಬೇಕು ಎಂಬ ಸಮಾಧಾನ ಹೇಳಬಹುದು. ಆದರೆ ಆ ಹಿಡಿತವೇ ಕೀಟದ ಬದುಕನ್ನು ಆಸ್ತಿ ಗೆಲ್ಲುವ ಯುದ್ಧವನ್ನಾಗಿ ಮಾರ್ಪಡಿಸುತ್ತದೆ ಎಂಬುದನ್ನು ಗಮನಿಸಬೇಕು. ‘ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು’ ಎನ್ನುವ ನಮ್ಮ ಗಾದೆಯಲ್ಲಿ ಕೀಟವು ದುಡಿಯುವ ಜೀವಿ, ದುಡಿದದ್ದನ್ನು ಕಳೆದುಕೊಂಡ ಜೀವಿ. ಆಟದಲ್ಲಿ ಅದು ದಂಡಯಾತ್ರೆ ಹೊರಟ ಜೀವಿ. ಈ ಎರಡು ದೃಷ್ಟಿಗಳ ನಡುವಿನ ಅಂತರ ಚಿಕ್ಕದಲ್ಲ.

ಇನ್ನು ಎರೆ ಹೊಲದತ್ತ ಬರೋಣ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಹೂವಿಗೆ ಬಂದಾಗ ಕಾಯಿಕೊರಕದ ಹೆಣ್ಣು ಚಿಟ್ಟೆ ಮೊಗ್ಗು, ಹೂಗಳ ಮೇಲೆ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಯಿಗೆ ತೂತು ಮಾಡಿ, ತಲೆಯನ್ನಷ್ಟೇ ಒಳಗೆ ಚಾಚಿ ಕಾಳು ತಿನ್ನುತ್ತದೆ. ಬೆಳೆದ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ತೊಗರಿ ಮುಗಿದರೆ ಕಡಲೆ, ಹತ್ತಿ ಮೊದಲಾದ ಬೆಳೆಗಳೂ ಇದಕ್ಕೆ ಆಹಾರವೇ. ಮೋಡ ಕವಿದ ದಿನಗಳೆಂದರೆ ರೈತನಿಗೆ ಆತಂಕ. ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳು ಬೀಳಿಸಿ ಆರಿಸುವುದು, ಬೇವಿನ ಬೀಜದ ಕಷಾಯ, ಹಕ್ಕಿ ಕೂರಲು ನೆಟ್ಟ ಕವಲುಕೋಲು, ಗಂಡು ಚಿಟ್ಟೆಯನ್ನು ಸೆಳೆಯುವ ಮೋಹಕ ಬಲೆ, ಕೊನೆಗೆ ಎಣ್ಣೆ ಹೊಡೆಯುವುದು, ಇವು ರೈತನ ಉಪಾಯಗಳು.

ಇಲ್ಲಿ ಆಟವೂ ಹೊಲವೂ ಒಂದೆಡೆ ಕೂಡುತ್ತವೆ. ಪರದೆಯ ಇರುವೆ ಹಿಂಬಾಲಿಸುವುದೂ ಮೋಹಕ ಬಲೆಯ ಚಿಟ್ಟೆ ಹಿಂಬಾಲಿಸುವುದೂ ವಾಸನೆಯ ಸಂಕೇತವನ್ನೇ. ಕೀಟದ ಭಾಷೆ ಅರಿತವನು ಅದರ ನಡೆಯನ್ನು ಅರಿಯಬಲ್ಲನು ಎಂಬ ಆಟದ ತಿಳಿವನ್ನು ಹೊಲವು ಸಮರ್ಥಿಸುತ್ತದೆ.

ಬೇರೆಯಾಗುವ ಎಡೆಗಳು ಎರಡು. ಮೊದಲನೆಯದು ಕಾಲದ ಪರಿಣಾಮ. ಆಟದ ಇರುವೆ ಎಷ್ಟು ಪೀಳಿಗೆ ಕಳೆದರೂ ಅದೇ ಇರುವೆ. ಆನುವಂಶಿಕ ಮಾರ್ಪಾಟನ್ನು ಮ್ಯಾಕ್ಸಿಸ್ ಮುಂದಿನ ವರ್ಷ ‘ಸಿಮ್‌ಲೈಫ್’ (1992) ಎಂಬ ಬೇರೊಂದು ಆಟಕ್ಕೆ ವಿಷಯವಾಗಿಸಿತು. ಹೊಲದ ಕಾಯಿಕೊರಕವಾದರೋ ಹಲವು ಕೀಟನಾಶಕಗಳಿಗೆ ನಿರೋಧ ಬೆಳೆಸಿಕೊಂಡಿದೆ. ಮನುಷ್ಯನ ಕೈಯೇ ಹುಳುವನ್ನು ಬದಲಾಯಿಸಿದೆ. ಎರಡನೆಯದು ಮನುಷ್ಯನ ಸ್ಥಾನ. ಆಟದಲ್ಲಿ ಮನುಷ್ಯನೆಂದರೆ ಮೇಲಿನಿಂದ ಎರಗುವ ಪಾದ, ಹುಲ್ಲು ಕತ್ತರಿಸುವ ಯಂತ್ರ. ಒಂದು ಬಗೆಯ ಪ್ರಕೃತಿ ವಿಕೋಪ. ಹೊಲದಲ್ಲಿ ಅವನು ಸಾಲ ಮಾಡಿ ಬಿತ್ತಿದವನು, ಹುಳು ಎಣಿಸುವವನು, ಎಣ್ಣೆಯ ನಂಜನ್ನು ತಾನೂ ಉಸಿರಾಡುವವನು.

ಈ ವಿಚಾರಕ್ಕೆ ಇಂದು ಹೆಚ್ಚಿನ ತೂಕವಿದೆ. ಬೆಳೆಹಾನಿಯ ವೆಚ್ಚ ಮತ್ತು ನಿಯಂತ್ರಣದ ವೆಚ್ಚಗಳನ್ನು ತೂಗಿ ‘ಆರ್ಥಿಕ ನಷ್ಟದ ಮಿತಿ’ಯನ್ನು ಗೊತ್ತುಪಡಿಸುವ ವಿಧಾನವನ್ನು ಕೀಟವಿಜ್ಞಾನವು 1959ರಿಂದ ಬೆಳೆಸಿಕೊಂಡು ಬಂದಿದೆ. ಗಿಡಕ್ಕೆ ಇಷ್ಟು ಹುಳು ಕಂಡರೆ ಔಷಧ ಎಂಬ ಆ ಅಂಕಿಯೂ ಒಂದು ಅನುಕರಣೆಯೇ. ತೊಗರಿಯ ಧಾರಣೆ ಕುಸಿದಾಗ, ಗಿಡ ಅಲುಗಾಡಿಸುವ ಆಳಿನ ಕೂಲಿ ಏರಿದಾಗ ಆ ಅಂಕಿ ಬದಲಾಗಬೇಕು. ಮೊಬೈಲಿನಲ್ಲಿ ಬರುವ ಕೀಟ ಮುನ್ಸೂಚನೆಯಾಗಲಿ, ಗಣಕ ಮಾದರಿಯಾಗಲಿ ಹುಳುವನ್ನು ಎಣಿಸಿ ಆಳನ್ನು ಬಿಟ್ಟರೆ, ‘ಸಿಮ್‌ಆ್ಯಂಟ್’ನ ಹಿತ್ತಲ ಬೇಲಿಯನ್ನೇ ಹೊಲದ ಸುತ್ತ ಹಾಕಿದಂತಾಗುತ್ತದೆ. ಆಟದಲ್ಲಿ ತಪ್ಪಿದರೆ ಮತ್ತೊಂದು ಹಳದಿ ಇರುವೆ ಹುಟ್ಟುತ್ತದೆ. ರೈತನಿಗೆ ಮುಂದಿನ ಹಂಗಾಮಿನವರೆಗೆ ಎರಡನೆಯ ಬೆಳೆಯಿಲ್ಲ.

ಒಟ್ಟಿನಲ್ಲಿ, ಕೀಟದ ಕಣ್ಣಿನಿಂದ ಲೋಕ ನೋಡಲು ಕಲಿಸಿದ್ದು ‘ಸಿಮ್‌ಆ್ಯಂಟ್’ನ ಹೆಗ್ಗಳಿಕೆ; ನೋಡುವವನ ದುಡಿಮೆಯನ್ನು ಚೌಕಟ್ಟಿನಾಚೆ ಇಟ್ಟದ್ದು ಅದರ ಮಿತಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆ ಬೇಳೆಯ ಹಿಂದಿರುವ ಕೀಟಜ್ಞಾನವನ್ನು, ಅಂದರೆ ಮೋಡ ನೋಡಿ ಹುಳು ಊಹಿಸುವ ವಿದ್ಯೆಯನ್ನು, ರೈತರ ಮಾತಿನಲ್ಲಿಯೇ ದಾಖಲಿಸುವ ಕಾರ್ಯ ನಡೆಯಬೇಕು. ಕನ್ನಡದಲ್ಲಿ ಮುಂದೆ ರೂಪುಗೊಳ್ಳುವ ಯಾವುದೇ ಕೀಟಲೋಕದ ಮಾದರಿಗೆ ಆ ದಾಖಲೆಯೇ ತಳಹದಿಯಾಗಬೇಕು.