ಹೊದಿಕೆ ಕಿತ್ತ ಸಂಚಿಕೆಗಳು

ಹಳೆಯ ಕನ್ನಡ ಪತ್ರಿಕೆಗಳ ಹಿಂದೆ ಬಿದ್ದವರಿಗೆಲ್ಲ ಬೈಂಡರ್ ಮಹಾಶಯನ ಮೇಲೆ ಒಂದಿಷ್ಟು ಸಿಟ್ಟು ಇದ್ದೇ ಇರುತ್ತದೆ. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹೊಲಿಯುವಾಗ ಆತ ಮೊದಲು ಕಿತ್ತೆಸೆಯುವುದು ಹೊರಹೊದಿಕೆಯನ್ನು, ಆಮೇಲೆ ಜಾಹೀರಾತಿನ ಹಾಳೆಗಳನ್ನು. ಕಥೆ, ಕವನ ಉಳಿದರೆ ಸಾಕೆಂಬ ಲೆಕ್ಕ. ಹೆಣ್ಣುಮಕ್ಕಳ ಬರಹದ ಮಟ್ಟಿಗೆ ಇದು ದುಬಾರಿ ಲೆಕ್ಕ. ಚಂದಾ ಎಷ್ಟು, ಮುದ್ರಣ ಎಲ್ಲಿ, ಮುಂದೆ ಬರಲಿದ್ದ ಪುಸ್ತಕ ಯಾವುದು ಎಂಬ ಸುದ್ದಿಯೆಲ್ಲ ಇದ್ದದ್ದು ಆ ಹಾಳೆಗಳಲ್ಲೇ.

ನಂಜನಗೂಡು ತಿರುಮಲಾಂಬ ಅವರನ್ನೇ ನೋಡಿ. ಎಳೆವಯಸ್ಸಿನಲ್ಲಿ ವಿಧವೆಯಾದ ಈ ಹೆಣ್ಣುಮಗಳು 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು, ‘ಸುಶೀಲೆ’ ಕಾದಂಬರಿ ಹೊರತಂದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಲ್ಲ ಅವರೇ. ಕಾದಂಬರಿಯನ್ನು ಮಾತ್ರ ಮರುಮುದ್ರಿಸಿದರೆ ನಮಗೆ ಸಿಗುವುದು ಲೇಖಕಿ. ಉಳಿದಿಬ್ಬರು ಹೊದಿಕೆಯ ಜೊತೆಗೇ ಹೋಗುತ್ತಾರೆ. 1982ರವರೆಗೆ ಬದುಕಿದ್ದ ಅವರನ್ನು ಸಾಹಿತ್ಯಲೋಕ ಅದಕ್ಕೆ ಎಷ್ಟೋ ಮೊದಲೇ ಮರೆತುಬಿಟ್ಟಿತ್ತು. ವಿಮರ್ಶಕಿ ವಿಜಯಾ ದಬ್ಬೆಯಂಥವರು ಹುಡುಕಿ ಬರೆಯದಿದ್ದರೆ ನಮ್ಮ ಪೀಳಿಗೆಗೆ ಹೆಸರೂ ದಕ್ಕುತ್ತಿರಲಿಲ್ಲವೇನೋ.

ಹೆಸರಿನದೇ ಇನ್ನೊಂದು ಗೋಜಲು. 1939ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ ಕೊಡಗಿನ ಗೌರಮ್ಮ ಪತ್ರಿಕೆಗಳಿಗೆ ಬರೆದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು, ಗಂಡನ ಹೆಸರಿನ ನೆರಳಲ್ಲಿ. ಉಡುಪಿಯ ಸರಸ್ವತಿಬಾಯಿ ರಾಜವಾಡೆ ‘ಗಿರಿಬಾಲೆ’ಯಾದರು. ಅನಸೂಯಾ ಶಂಕರ್ ಎಂದರೆ ಇವತ್ತಿಗೂ ಅನೇಕರು ತಲೆ ಕೆರೆದುಕೊಳ್ಳುತ್ತಾರೆ. ಅವರೇ ಕಾದಂಬರಿಕಾರ್ತಿ ತ್ರಿವೇಣಿ ಎಂದರೆ ಮುಖ ಅರಳುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ‘ಮಿಸೆಸ್ ಕೃಷ್ಣ’ರಿಂದ ಗೌರಮ್ಮನತ್ತ ಬೆರಳು ತೋರುವ ಒಂದು ಚೀಟಿ ಇಲ್ಲದಿದ್ದರೆ, ಪತ್ರಿಕೆ ಕಪಾಟಿನಲ್ಲಿ ಇದ್ದೂ ಇಲ್ಲದಂತೆ. ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸಿದ ಮಾತ್ರಕ್ಕೆ ಈ ತೊಡಕು ಬಿಡುವುದಿಲ್ಲ. ಹಳೆಯ ಸಂಚಿಕೆಗಳನ್ನು ಓದಿ ಬಲ್ಲ ಒಬ್ಬರು ಕುಳಿತು ಆ ಚೀಟಿ ಬರೆಯಬೇಕು. ಸಂಸ್ಥೆಗಳು ಯಂತ್ರ ಕೊಳ್ಳಲು ತೋರುವ ಉತ್ಸಾಹವನ್ನು ಈ ಕೂಲಿಗೆ ತೋರುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಮುಂಬೈಯ ‘ಸ್ಪ್ಯಾರೋ’ ಇಲ್ಲಿ ನೆನಪಾಗುತ್ತದೆ. ತಮಿಳಿನಲ್ಲಿ ಅಂಬೈ ಎಂದು ಬರೆಯುವ ಸಿ.ಎಸ್. ಲಕ್ಷ್ಮಿ, ನೀರಾ ದೇಸಾಯಿ ಮತ್ತು ಮೈತ್ರೇಯಿ ಕೃಷ್ಣರಾಜ್ 1988ರಲ್ಲಿ ಕಟ್ಟಿದ ಮಹಿಳಾ ದಾಖಲೆಗಳ ಸಂಗ್ರಹ ಅದು. ಪುಸ್ತಕದಷ್ಟೇ ಮುತುವರ್ಜಿಯಿಂದ ಅಲ್ಲಿ ಧ್ವನಿಯನ್ನೂ ಚಿತ್ರವನ್ನೂ ಕೂಡಿಡುತ್ತಾರೆ. ಬರೆದವಳು ಬದುಕಿರುವಾಗಲೇ ಹೋಗಿ ಕೇಳುವ ಆ ಪದ್ಧತಿ ಕನ್ನಡಕ್ಕೂ ಬೇಕು. ಸರಸ್ವತಿಬಾಯಿಯವರ ನೆನಪುಗಳು ನಮಗೆ ಉಳಿದದ್ದು ಕಥೆಗಾರ್ತಿ ವೈದೇಹಿ ಹೋಗಿ ಕೂತು ಕೇಳಿದ್ದರಿಂದ.

ಅಟ್ಟದ ಟ್ರಂಕಿನಲ್ಲಿ ಅಜ್ಜಿಯ ಕಾಲದ ‘ಸರಸ್ವತಿ’ ಪತ್ರಿಕೆಯ ಸಂಚಿಕೆಯೋ, ಹಾಡು ಬರೆದ ನೋಟುಪುಸ್ತಕವೋ ಸಿಕ್ಕರೆ ದಯವಿಟ್ಟು ಸೆಲೋಟೇಪ್ ಮುಟ್ಟಬೇಡಿ. ಅದರ ಅಂಟು ಹಳದಿಯಾಗಿ ಅಕ್ಷರದೊಳಕ್ಕೇ ಇಳಿಯುತ್ತದೆ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ಬಿಡಿಸಿ. ಹರಿದ ಹಾಳೆಯನ್ನು ಹಾಗೆಯೇ ಒಂದು ಲಕೋಟೆಯಲ್ಲಿಟ್ಟು, ಯಾರದು, ಯಾವ ಊರಿನ ಮನೆಯದು ಎಂದು ಪೆನ್ಸಿಲಿನಲ್ಲಿ ಲಕೋಟೆಯ ಮೇಲೆ ಬರೆಯಿರಿ. ಬೈಂಡರ್ ಹತ್ತಿರ ಮಾತ್ರ ಒಯ್ಯಬೇಡಿ.