‘ಕರಾರುವಾಕ್ಕು’ ಎಂಬ ಮಾತು

ಹೆಲಿಕಾಪ್ಟರಿನಿಂದಲೋ ಡ್ರೋನಿನಿಂದಲೋ ಕ್ಷಿಪಣಿ ಹಾರಿದ ಸುದ್ದಿ ಬಂದಾಗ ಕನ್ನಡ ಪತ್ರಿಕೆಗಳಿಗೆ ಪ್ರಿಯವಾದ ಒಂದು ಪದವಿದೆ: ‘ಕರಾರುವಾಕ್ಕು ದಾಳಿ’. ಕರಾರು ಅರಬಿ, ಫಾರಸಿಗಳ ದಾರಿಯಲ್ಲಿ ನಮ್ಮ ಕಚೇರಿ ಕನ್ನಡಕ್ಕೆ ಬಂದ ಮಾತು. ಇಬ್ಬರು ಕೂತು, ಒಪ್ಪಿ, ರುಜು ಹಾಕಿದರೆ ಅದು ಕರಾರು. ಆಕಾಶದಿಂದ ಬಿದ್ದ ಬೆಂಕಿಗೆ ಕೆಳಗಿದ್ದವರು ಯಾವಾಗ ರುಜು ಹಾಕಿದ್ದರು?

ಈ ಬಗೆಯ ಕ್ಷಿಪಣಿಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಹೆಲ್‌ಫೈರ್. ‘ಹೆಲಿಕಾಪ್ಟರಿನಿಂದ ಹಾರುವ, ಲೇಸರ್ ಹಿಡಿದು ಹೋಗುವ, ಹೊಡೆದು ಮರೆತುಬಿಡಬಹುದಾದ’ ಎಂಬ ಇಂಗ್ಲಿಷ್ ವಿವರಣೆಯನ್ನು ಕುಗ್ಗಿಸಿದರೆ ‘ನರಕದ ಬೆಂಕಿ’ ಎಂಬ ಹೆಸರು ಸಿಗುತ್ತದೆ. ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರ ಎಂಬ ಪ್ರವಾದಿಯವರ (ಸ) ತಾಕೀತನ್ನು ಕೇಳಿ ಬೆಳೆದ ನಮಗೆ ಈ ಹೆಸರೇ ಉದ್ಧಟತನವಾಗಿ ಕಾಣುತ್ತದೆ. ಆದರೆ ಅದಕ್ಕಿಂತ ನಮ್ಮನ್ನು ಕಾಡುವುದು ‘ಮರೆತುಬಿಡುವ’ ಮಾತು.

1970ರ ದಶಕದಲ್ಲಿ ಸೋವಿಯತ್ ಟ್ಯಾಂಕುಗಳನ್ನು ಒಡೆಯಲೆಂದು ಇದರ ಕೆಲಸ ಶುರುವಾಯಿತು. ತೂಕ 50 ಕಿಲೋದ ಒಳಗೆ, ಸಿಡಿತಲೆ ಸುಮಾರು 9 ಕಿಲೋ. ಗುರಿಯ ಮೇಲೆ ಯಾರಾದರೂ ಕಣ್ಣಿಗೆ ಕಾಣದ ಲೇಸರ್ ಚುಕ್ಕೆ ಇಡಬೇಕು. ಹಾರಿಸಿದ ಹೆಲಿಕಾಪ್ಟರೇ ಇಡಬಹುದು, ಬೇರೊಂದು ವಿಮಾನ ಇಡಬಹುದು, ನೆಲದ ಮೇಲಿನ ಸೈನಿಕನೂ ಇಡಬಹುದು. ಅಲ್ಲಿಂದ ಚಿಮ್ಮಿ ಮರಳುವ ಬೆಳಕನ್ನು ಕ್ಷಿಪಣಿಯ ಮೂತಿಯಲ್ಲಿರುವ ಕಣ್ಣು ಹುಡುಕಿಕೊಂಡು ಹೋಗುತ್ತದೆ. ತಾಗುವ ಕ್ಷಣದವರೆಗೂ ಚುಕ್ಕೆ ಗುರಿಯನ್ನು ಬಿಡಬಾರದು. ಅಂದರೆ ಕೊನೆಯ ಗಳಿಗೆಯವರೆಗೂ ಒಬ್ಬ ಮನುಷ್ಯ ನೋಡುತ್ತಲೇ ಇರಬೇಕು. ನಂತರ ಬಂದ ರೇಡಾರ್ ಮಾದರಿಯ ವಿಷಯ ಬೇರೆ. ಲೇಸರ್ ಹೆಲ್‌ಫೈರ್‌ನ ಮಟ್ಟಿಗೆ ‘ಮರೆತುಬಿಡು’ ಎಂಬುದು ಅರ್ಧ ಸುಳ್ಳು.

ಹಾಗಾದರೆ ಕರಾರುವಾಕ್ಕು ಯಾವುದು? ಚುಕ್ಕೆಗೂ ಕ್ಷಿಪಣಿಗೂ ನಡುವಿನ ಸಂಬಂಧ, ಅಷ್ಟೇ. ಚುಕ್ಕೆಗೂ ಸತ್ಯಕ್ಕೂ ನಡುವಿನ ಸಂಬಂಧದ ಬಗ್ಗೆ ಯಂತ್ರ ಏನನ್ನೂ ಹೇಳುವುದಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಂದು ಬಿಳಿ ಕಾರನ್ನು ಅಮೆರಿಕದ ಸೇನೆ ಸುಮಾರು ಎಂಟು ಗಂಟೆ ಮೇಲಿನಿಂದ ಹಿಂಬಾಲಿಸಿ ನೋಡಿತು, ಆಮೇಲೆ ಹೆಲ್‌ಫೈರ್ ಹಾರಿಸಿತು. ಕ್ಷಿಪಣಿ ಎಳ್ಳಷ್ಟೂ ದಾರಿ ತಪ್ಪಲಿಲ್ಲ. ಸತ್ತವರು ಹತ್ತು ಮಂದಿ ನಾಗರಿಕರು, ಅವರಲ್ಲಿ ಏಳು ಮಕ್ಕಳು. ಸ್ಫೋಟಕ ಎಂದುಕೊಂಡದ್ದು ನೀರಿನ ಕ್ಯಾನುಗಳು. ಮೊದಲು ನ್ಯಾಯವಾದ ದಾಳಿ ಎಂದವರು ಸೆಪ್ಟೆಂಬರ್ 17ರಂದು ತಪ್ಪೊಪ್ಪಿಕೊಂಡರು. ಯಾರಿಗೂ ಶಿಕ್ಷೆಯಿಲ್ಲ ಎಂದು ಡಿಸೆಂಬರಿನಲ್ಲಿ ತೀರ್ಮಾನವಾಯಿತು.

ಕಥೆ ಬರೆಯುವವರಾದ ನಮಗೆ ಇನ್ನೊಂದು ದಾಖಲೆಯನ್ನು ಕಥೆಯಂತೆಯೇ ಓದಬೇಕೆನಿಸುತ್ತದೆ. 2007ರ ಜುಲೈ 12ರಂದು ಬಾಗ್ದಾದಿನ ಮೇಲೆ ಹಾರುತ್ತಿದ್ದ ಅಪಾಚೆ ಹೆಲಿಕಾಪ್ಟರಿನ ಚಿತ್ರೀಕರಣವದು. 2010ರ ಏಪ್ರಿಲ್ 5ರಂದು ವಿಕಿಲೀಕ್ಸ್ ಅದನ್ನು ಬಯಲು ಮಾಡಿತು. ಮೇಲಿನವರಿಗೆ ಮಾತಿದೆ, ಆತುರವಿದೆ, ನಗುವಿದೆ. ಕೆಳಗಿನವರು ಮೂಕಿ ಚಿತ್ರದ ಪಾತ್ರಗಳು. ಗುಂಪಿನ ಕೆಲವರ ಬಳಿ ಆಯುಧಗಳಿದ್ದಂತೆ ಕಾಣುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಕ್ಯಾಮೆರಾ ಹಿಡಿದಿದ್ದ ರಾಯಿಟರ್ಸ್‌ನ ನಮೀರ್ ನೂರುದ್ದೀನ್ ಕೂಡ ಅದೇ ಗುಂಪಿನಲ್ಲಿದ್ದರು, ಜೊತೆಗೆ ಅದೇ ಸಂಸ್ಥೆಯ ಸಯೀದ್ ಚಮಾಗ್. ಹೆಲಿಕಾಪ್ಟರಿನ ಗನ್ನಿಗೆ ಇಬ್ಬರೂ ಬಲಿಯಾದರು. ಗಾಯಾಳುವನ್ನು ಎತ್ತಿಕೊಳ್ಳಲು ಬಂದ ವ್ಯಾನಿನ ಮೇಲೂ ಗುಂಡು ಹಾರಿತು. ಒಳಗೆ ಇಬ್ಬರು ಮಕ್ಕಳಿದ್ದರು. ಮಕ್ಕಳು ಗಾಯಗೊಂಡು ಉಳಿದರು, ತಂದೆ ಉಳಿಯಲಿಲ್ಲ.

ಜಗತ್ತು ನೋಡಿ ಬೆಚ್ಚಿದ್ದು ಇಷ್ಟನ್ನು. ವಿಕಿಲೀಕ್ಸ್ ಬಿಟ್ಟದ್ದು ಎರಡು ಪ್ರತಿ: 39 ನಿಮಿಷದ್ದೊಂದು, ಕತ್ತರಿಸಿ ಸಿದ್ಧಪಡಿಸಿದ ಸುಮಾರು 17 ನಿಮಿಷದ್ದೊಂದು. ಅದೇ ದಿನ ಒಂದು ಕಟ್ಟಡದೊಳಕ್ಕೆ ಹೆಲ್‌ಫೈರ್ ಹಾರಿಸಿದ ಭಾಗ ಚಿಕ್ಕ ಪ್ರತಿಯಲ್ಲಿ ಇಲ್ಲ. ಉದ್ದನೆಯದನ್ನು ನೋಡುವ ತಾಳ್ಮೆಯಿದ್ದವರಿಗೆ ಕಾಣುತ್ತದೆ, ಕ್ಷಿಪಣಿ ಬಂದು ಬೀಳುವ ಹೊತ್ತಿಗೆ ಕಟ್ಟಡದ ಮುಂದೆ ಒಬ್ಬ ಮನುಷ್ಯ ನಡೆದು ಹೋಗುತ್ತಿರುವುದು. ಕೈಯಲ್ಲಿ ಆಯುಧವಿದ್ದಂತಿಲ್ಲ. ಆಮೇಲೆ ಹೊಗೆ. ಬಯಲು ಮಾಡಲು ಹೊರಟವರ ಕತ್ತರಿಗೂ ಈತ ದಕ್ಕಲಿಲ್ಲವಲ್ಲ! ನಮ್ಮ ಊಹೆ ಇದು: ಮೊದಲ ಭಾಗದಲ್ಲಿ ಪತ್ರಕರ್ತರ ಹೆಸರಿತ್ತು, ಎರಡನೆಯದರಲ್ಲಿ ಮಕ್ಕಳಿದ್ದರು; ಮೂರನೆಯದರಲ್ಲಿ ಬರೀ ‘ಕಟ್ಟಡ’. ಕಥೆಗೆ ಪಾತ್ರ ಬೇಕು, ದಾರಿಹೋಕ ಪಾತ್ರವಾಗಲಿಲ್ಲ. ಕಥೆಗಾರರಿಗೂ ಇದೇ ಚಾಳಿ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಉರ್ದು ಪತ್ರಿಕೆಗಳನ್ನು ಓದುವ ನಮ್ಮವರು ಇಲ್ಲಿ ಬೀಗಬೇಕಾಗಿಲ್ಲ. ಅಲ್ಲಿ ‘ನಿಶಾನಾ’ ಉಂಟು, ‘ಹಲಾಕ್’ ಉಂಟು, ಒಲವಿದ್ದ ಕಡೆ ‘ಶಹೀದ್’ ಉಂಟು. ಸತ್ತವರನ್ನೆಲ್ಲ ಒಟ್ಟಾಗಿ ಶಹೀದರೆಂದು ಕರೆದು, ಪಕ್ಕದಲ್ಲೊಂದು ಸಂಖ್ಯೆ ಬರೆದರೆ ಕೆಲಸ ಮುಗಿಯಿತು. ಅದೂ ಒಂದು ಬಗೆಯ ಮರೆವು, ಸ್ವಲ್ಪ ಅತ್ತರು ಹಚ್ಚಿದ್ದು. ಅದೇ ವರ್ಷಗಳಲ್ಲಿ ಬಾಗ್ದಾದಿನ ಸಂತೆಗಳಲ್ಲಿ, ಕಲಿಮಾ ಓದುವವರೇ ಇಟ್ಟ ಕಾರುಬಾಂಬಿಗೆ ಸತ್ತ ತರಕಾರಿ ಮಾರುವವರ ಹೆಸರು ನಮಗೆಷ್ಟು ಗೊತ್ತು? ಅವರ ಪರವಾಗಿ ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮೆರವಣಿಗೆ ಹೊರಟವು?

ಈಗ ವಿಷಯ ನಮ್ಮ ಅಂಗಳಕ್ಕೂ ಬಂದಿದೆ. ಅಪಾಚೆ ಹೆಲಿಕಾಪ್ಟರುಗಳು 2019ರಲ್ಲೇ ಭಾರತೀಯ ವಾಯುಪಡೆಯನ್ನು ಸೇರಿದವು. 2024ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಭಾರತಕ್ಕೆ ಡ್ರೋನುಗಳ ಮಾರಾಟಕ್ಕೆ ಒಪ್ಪಿಗೆ ಕೊಟ್ಟಾಗ ಆ ಪಟ್ಟಿಯಲ್ಲಿ 170 ಹೆಲ್‌ಫೈರ್ ಕ್ಷಿಪಣಿಗಳಿದ್ದವು. ಅಕ್ಟೋಬರಿನಲ್ಲಿ 31 ಡ್ರೋನುಗಳಿಗೆ ಸಹಿ ಬಿತ್ತು. ದೇಶಕ್ಕೆ ಗಡಿಯಿದೆ, ಗಡಿಗೆ ಕಾವಲು ಬೇಕು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಈ ಕರಾರಿಗೆ ಎರಡೂ ಕಡೆಯ ರುಜು ಇದೆ. ಆ ಕ್ಷಿಪಣಿ ಹಾರಿದ ದಿನ ಚುಕ್ಕೆ ಇಟ್ಟವರು ಏನನ್ನು ನೋಡಿ ಇಟ್ಟರು ಎಂದು ಯಾರು ಕೇಳುತ್ತಾರೆ, ಯಾವ ಪದದಲ್ಲಿ ಬರೆಯುತ್ತಾರೆ ಎಂಬುದನ್ನು ವರದಿಗಾರ ಮಿತ್ರರು ಈಗಲೇ ಯೋಚಿಸಿಟ್ಟುಕೊಳ್ಳಲಿ ಎಂದು ಇಷ್ಟು ಬರೆದೆವು.